ಕುರಿ ಆಮೇಲೆ ತಗೋ, ಮೊದಲು ಸೊಪ್ಪು ಬೆಳೆಸು

ಪ್ರೀತಿಯ ಮಂಜ,

ನೀನು ಕಳಿಸಿದ ವಿಡಿಯೋ ಪೂರ್ತಿ ನೋಡಿದೆ. ಕೆಲಸ ಬಿಟ್ಟು ಊರಿಗೆ ಬಂದವರು ಅಟ್ಟಣಿಗೆ ಕಟ್ಟಿ ಕುರಿ ಸಾಕಿದ್ದು, ಹತ್ತು ಕುರಿ ಎರಡೇ ವರ್ಷಕ್ಕೆ ನೂರಾಗಿದ್ದು, ಕೊನೆಗೆ ಕಾರಿನ ಪಕ್ಕ ನಿಂತು ಕೈ ಬೀಸಿದ್ದು, ಎಲ್ಲಾ ನೋಡಿದೆ. ನಿನಗೂ ಹತ್ತು ಬನ್ನೂರು ಕುರಿ ಬೇಕು, ಯುಗಾದಿ ಒಳಗೆ ಕೊಡಿಸು ಅಂತ ಬರೆದಿದ್ದೀಯ. ಕೊಡಿಸುವುದು ಕಷ್ಟವಲ್ಲ ಕಣೋ. ಆದರೆ ಈಗ ಬೇಡ. ಯಾಕೆ ಅಂತ ಫೋನಿನಲ್ಲಿ ಹೇಳಿದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆ ನೂರರ ಲೆಕ್ಕ ಮುಗಿಸೋಣ. ಕುರಿಯ ಗಬ್ಬ ಐದು ತಿಂಗಳು. ಚೆನ್ನಾಗಿ ಮೇಯಿಸಿದರೆ ಎರಡು ವರ್ಷಕ್ಕೆ ಮೂರು ಸಲ ಈಯುತ್ತದೆ. ನಮ್ಮ ಬನ್ನೂರು ಕುರಿ ಒಂದು ಸಲಕ್ಕೆ ಒಂದೇ ಮರಿ ಹಾಕುವುದು, ಅವಳಿ ಅಪರೂಪ. ಹತ್ತು ಕುರಿಗೆ ಎರಡು ವರ್ಷದಲ್ಲಿ ಹೆಚ್ಚೆಂದರೆ ಮೂವತ್ತು ಮರಿ. ಒಂದೂ ಸಾಯಲಿಲ್ಲ ಅಂತಲೇ ಇಟ್ಟುಕೋ. ಅರ್ಧ ಗಂಡು. ಉಳಿದ ಹೆಣ್ಣು ಮರಿ ಬೆಳೆದು ಮೊದಲ ಸಲ ಈಯಲು ಒಂದೂವರೆ ವರ್ಷಕ್ಕಿಂತ ಜಾಸ್ತಿಯೇ ಬೇಕು. ಹತ್ತು ನಲವತ್ತಾದರೆ ಅದೇ ದೊಡ್ಡದು. ನೂರು ಕಾಣಬೇಕಾದರೆ ಸಂತೆಯಿಂದ ತಂದು ನಿಲ್ಲಿಸಿರಬೇಕು, ಅಷ್ಟೇ.

ನಾರಿ ಸುವರ್ಣ ತಗೊಂಡರೆ ಅವಳಿ ಬರುತ್ತಲ್ಲ ಅಂತ ಕೇಳುತ್ತೀಯ, ಗೊತ್ತು. ಮಹಾರಾಷ್ಟ್ರದ ಫಲ್ಟಣದಲ್ಲಿ ನಿಂಬಕರ್ ಸಂಸ್ಥೆಯವರು ಮಾಡಿದ ತಳಿ ಅದು. ಬಂಗಾಳದ ಗರೋಲ್ ಅನ್ನುವ ಪುಟ್ಟ ಕುರಿಯಿಂದ ಅವಳಿ ಹಾಕುವ ಗುಣ ಬಂದಿದೆ. ಒಳ್ಳೆಯ ಕೆಲಸವೇ. ಆದರೆ ಮರಿ ಎರಡಾದರೆ ಹಾಲು ತಾನಾಗಿ ಎರಡರಷ್ಟು ಆಗುವುದಿಲ್ಲ. ಆ ಹಾಲಿಗೆ ಮೇವು ನೀನು ಹಾಕಬೇಕು. ಹೊಸಬನಿಗೆ ಒಂದು ಮರಿಯನ್ನು ಉಳಿಸಿಕೊಳ್ಳುವುದು ಬಂದರೆ ಸಾಕು.

ಈಗ ಮುಖ್ಯ ವಿಷಯ. ನಮ್ಮ ಕಡೆ ಟಗರು ಕುರಿಗೆ ಸೇರುವುದು ಮಳೆಗಾಲದ ಕೊನೆಯಲ್ಲಿ. ಆಗ ಬದು ತುಂಬ ಹುಲ್ಲು, ಕುರಿ ಮೈ ತುಂಬಿಕೊಂಡಿರುತ್ತವೆ, ಬೆದೆಗೆ ಬರುತ್ತವೆ. ಅಲ್ಲಿಂದ ಐದು ತಿಂಗಳು ಎಣಿಸು. ಶಿವರಾತ್ರಿ ಆಸುಪಾಸಿಗೆ ಬಂದು ನಿಲ್ಲುತ್ತೆ. ಮರಿಗಳು ಸಾಲಾಗಿ ಬೀಳುವುದು ಈಗಲೇ. ಆದರೆ ಹೊಲದಲ್ಲಿ ಏನಿದೆ? ರಾಗಿ ಕುಯ್ದು ಎಷ್ಟೋ ದಿನವಾಯಿತು. ಹುರುಳಿ ಕಿತ್ತಾಯಿತು. ಕೂಳೆಯನ್ನು ಸಂಕ್ರಾಂತಿಯೊಳಗೇ ಮೇಯ್ದು ಮುಗಿಸಿವೆ. ವಸಂತ ಅಂದರೆ ಎಲ್ಲೆಲ್ಲೂ ಹಸಿರು ಅಂತ ನಾವು ಓದಿದ್ದು ಅಲ್ವಾ? ನಮ್ಮಲ್ಲಿ ಆ ಹಸಿರು ಇರುವುದು ನೆಲದ ಮೇಲಲ್ಲ, ಮರದ ಮೇಲೆ. ಆಲ, ಅರಳಿ, ಗೋಣಿ, ಬಸರಿ ಎಲ್ಲಾ ಚಿಗುರುವ ಕಾಲ. ಮೇಕೆಯಾದರೆ ಹಿಂಗಾಲ ಮೇಲೆ ನಿಂತು ಕೊಂಬೆ ಎಳೆದುಕೊಳ್ಳುತ್ತದೆ. ಕುರಿ ತಲೆ ಬಗ್ಗಿಸಿ ಮೇಯುವ ಪ್ರಾಣಿ. ನೀನು ದೋಟಿ ಹಿಡಿದು ಕೊಯ್ದು ಹಾಕಬೇಕು, ದಿನಾ ಎರಡು ಹೊತ್ತು.

ಮರಿ ಹುಟ್ಟಿದ ಮೇಲೆ ಉಪಚಾರ ಶುರು ಮಾಡಿದರೆ ತಡವಾಯಿತು ಅಂತಲೇ ಲೆಕ್ಕ. ಹೊಟ್ಟೆಯಲ್ಲಿರುವ ಮರಿ ಹೆಚ್ಚುಪಾಲು ಬೆಳೆಯುವುದು ಕೊನೆಯ ಆರು ವಾರದಲ್ಲಿ. ಆಗ ತಾಯಿ ಬರಿ ರಾಗಿ ಹುಲ್ಲು ತಿಂದುಕೊಂಡಿದ್ದರೆ ಮರಿ ಒಂದೂವರೆ ಕೆಜಿ ತೂಗುತ್ತದೆ, ಕೆಚ್ಚಲಲ್ಲಿ ಹಾಲೂ ಇರುವುದಿಲ್ಲ. ಹೆತ್ತ ತಾಯಿಯೇ ಮರಿಯನ್ನು ಬಿಟ್ಟು ಹೋಗುತ್ತದೆ. ಜನ ಅದನ್ನು ಕೆಟ್ಟ ತಾಯಿ ಅಂತ ಬಯ್ಯುತ್ತಾರೆ. ಹಸಿದ ತಾಯಿ ಅಂದರೆ ಸರಿ.

ನಮ್ಮ ಮನೆಯಲ್ಲಿ ಈಗ ಹನ್ನೆರಡು ತಾಯಿಕುರಿ, ಒಂದು ಟಗರು, ಜೊತೆಗೊಂದು ಮೇಕೆ ಇದೆ. ಗಬ್ಬದ ಕೊನೆಯಲ್ಲಿರುವವಕ್ಕೆ ಹುರುಳಿ ಹೊಟ್ಟು, ಒಂದೊಂದು ಹಿಡಿ ಕಡಲೆಕಾಯಿ ಹಿಂಡಿ, ಬೂಸಾ ಕೊಡುತ್ತೇವೆ. ಪಕ್ಕದ ಮನೆಯಲ್ಲಿ ರೇಷ್ಮೆ ಇದೆ. ಹುಳ ಗೂಡು ಕಟ್ಟಲು ಚಂದ್ರಿಕೆಗೆ ಏರಿದ ಮೇಲೆ ತೋಟದಲ್ಲಿ ಉಳಿದ ಸೊಪ್ಪನ್ನು ಕೇಳಿ ತರುತ್ತೇವೆ. ಹಿಪ್ಪುನೇರಳೆಯಂಥ ಮೇವು ಕುರಿಗೆ ಇನ್ನೊಂದಿಲ್ಲ. ಆದರೆ ಹುಳದ ಹಾಸಿಗೆಯಿಂದ ತೆಗೆದ ಸೊಪ್ಪು ಮಾತ್ರ ತರುವುದಿಲ್ಲ. ರೋಗ ಬರದಿರಲಿ ಅಂತ ಅದರ ಮೇಲೆ ಸುಣ್ಣ, ಔಷಧಿ ಪುಡಿ ಉದುರಿಸಿರುತ್ತಾರೆ. ಸೊಪ್ಪಿಗೆ ಕೀಟನಾಶಕ ಹೊಡೆದು ಎಷ್ಟು ದಿನವಾಯಿತು ಅಂತ ಕೇಳದೆಯೂ ತರಬಾರದು.

ಇನ್ನು ಈಯುವ ಹೊತ್ತು. ಇದನ್ನು ಉದ್ದಕ್ಕೆ ಬರೆಯುತ್ತೇನೆ, ಯಾಕೆಂದರೆ ಆ ವಿಡಿಯೋದಲ್ಲಿ ಒಂದು ಮಾತೂ ಇರಲಿಲ್ಲ. ಈಯುವ ಕುರಿ ಗುಂಪು ಬಿಟ್ಟು ಮೂಲೆ ಸೇರುತ್ತದೆ. ಕಾಲಿನಿಂದ ನೆಲ ಕೆರೆಯುತ್ತದೆ, ಏಳುತ್ತದೆ, ಮಲಗುತ್ತದೆ. ಮೊದಲು ಕಾಣಬೇಕಾದದ್ದು ಎರಡು ಮುಂಗಾಲಿನ ಗೊರಸು, ಅದರ ಮೇಲೆ ಮೂತಿ. ಹಾಗೆ ಬಂದರೆ ನೀನು ದೂರ ನಿಂತುಕೋ, ಅದರ ಕೆಲಸ ಅದಕ್ಕೆ ಗೊತ್ತು. ಒಂದೇ ಕಾಲು ಕಂಡರೆ, ಬಾಲ ಕಂಡರೆ, ಅಥವಾ ನೀರು ಒಡೆದು ಒಂದು ಗಂಟೆಯಾದರೂ ಏನೂ ಮುಂದುವರಿಯದಿದ್ದರೆ ಡಾಕ್ಟರಿಗೆ ಫೋನ್ ಮಾಡು. ಪಶು ಆಂಬುಲೆನ್ಸಿಗೆ 1962 ಅಂತ ನಂಬರ್ ಇದೆ, ಬರೆದಿಟ್ಟುಕೋ. ಸುಮ್ನೆ ಎಳೆಯೋಕೆ ಹೋಗಬೇಡ.

ಮರಿ ಬಿದ್ದ ತಕ್ಷಣ ಮೂಗು ಬಾಯಿಯ ಲೋಳೆ ತೆಗೆದು ತಾಯಿಯ ಮುಂದೆ ಹಾಕಿ ಬಿಡು. ಒರೆಸಿ ಚೊಕ್ಕ ಮಾಡಬೇಡ. ತಾಯಿ ನೆಕ್ಕಬೇಕು, ಆ ವಾಸನೆಯಲ್ಲೇ ಅದು ತನ್ನ ಮರಿಯನ್ನು ಗುರುತು ಹಿಡಿಯುವುದು. ನೆಕ್ಕದಿದ್ದರೆ ಮರಿಯ ಮೈಗೆ ಚೂರು ಉಪ್ಪು ಸವರುತ್ತೇವೆ, ಹೆಚ್ಚಿನವು ದಾರಿಗೆ ಬರುತ್ತವೆ. ಹೊಕ್ಕುಳಬಳ್ಳಿಗೆ ಟಿಂಚರ್ ಅಯೋಡಿನ್. ಆಮೇಲೆ ಗಿಣ್ಣು. ಇದೊಂದು ತಪ್ಪಿದರೆ ಮಿಕ್ಕಿದ್ದೆಲ್ಲ ದಂಡ. ಕುರಿಮರಿಗೆ ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ರೋಗ ತಡೆಯುವ ಶಕ್ತಿ ದಾಟುವುದಿಲ್ಲ, ಎಲ್ಲಾ ಗಿಣ್ಣಿನಲ್ಲೇ ಬರಬೇಕು. ಮರಿಯ ಕರುಳು ಅದನ್ನು ಹಾಗೇ ಹೀರಿಕೊಳ್ಳುವುದು ಮೊದಲ ದಿನ ಮಾತ್ರ. ಅದೂ ಗಂಟೆ ಕಳೆದಂತೆ ಕಡಿಮೆಯಾಗುತ್ತಾ ಹೋಗುತ್ತದೆ. ಎರಡು ಕೆಜಿ ಮರಿಗೆ ಮೊದಲ ದಿನ ಇನ್ನೂರು ಮಿಲಿಯಾದರೂ ಒಳಗೆ ಹೋಗಬೇಕು, ಮೊದಲ ಗುಟುಕು ಒಂದು ಗಂಟೆಯೊಳಗೆ. ಗಿಣ್ಣು ಕುಡಿಸಿದರೆ ಭೇದಿ ಆಗುತ್ತೆ ಅಂತ ಹಿಂಡಿ ಚೆಲ್ಲುವವರು ಇನ್ನೂ ಇದ್ದಾರೆ. ಕೇಳಿದರೆ ನನಗೆ ಮೈ ಉರಿಯುತ್ತದೆ.

ಬೆಳಗಿನ ಜಾವ ಇನ್ನೂ ಚಳಿ ಇರುತ್ತದೆ. ಮರಿ ಜೋಲು ಬಿದ್ದಿದ್ದರೆ ಅದರ ಬಾಯೊಳಗೆ ಬೆರಳಿಟ್ಟು ನೋಡು. ಬಾಯಿ ತಣ್ಣಗಿದ್ದರೆ ಮೊದಲು ಮೈ ಬೆಚ್ಚಗೆ ಮಾಡಬೇಕು, ಹಾಲು ಆಮೇಲೆ. ನಮ್ಮವ್ವ ಗೋಣಿಚೀಲ ಹಾಸಿ, ಮರಿ ಮಲಗಿಸಿ, ಮೇಲೆ ದೊಡ್ಡ ಮಂಕರಿ ಬೋರಲು ಹಾಕುತ್ತಾಳೆ. ನಾಯಿ, ಹದ್ದಿನ ಕಾಟವೂ ತಪ್ಪುತ್ತದೆ. ತಬ್ಬಲಿ ಮರಿಗೆ ಮೇಕೆ ಹಾಲು. ಆ ಮೇಕೆ ಇರುವುದೇ ಅದಕ್ಕೆ. ಮಂದೆ ಹೊಡೆದುಕೊಂಡು ಊರೂರು ತಿರುಗುವ ಕುರುಬರ ಹಿಂಡಿನಲ್ಲೂ ನಾಲ್ಕಾರು ಮೇಕೆ ಇರುವುದನ್ನು ನೀನೂ ನೋಡಿರುತ್ತೀಯ. ಬಾಟಲಿಯಲ್ಲಿ ಕುಡಿಸುವಾಗ ಮರಿ ತನ್ನ ಕಾಲ ಮೇಲೆ ನಿಂತು ಕುಡಿಯಲಿ. ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿದು ಸಾಯುತ್ತದೆ. ಫೋಟೋಗೆ ಮಾತ್ರ ಅದು ಚೆನ್ನಾಗಿ ಕಾಣುತ್ತೆ.

ಎರಡು ವಾರಕ್ಕೆ ಮರಿ ಚಿಗುರು ಕಚ್ಚಲು ಶುರು ಮಾಡುತ್ತದೆ. ಮಣ್ಣು, ಗೋಡೆ ಸುಣ್ಣ ನೆಕ್ಕುವುದೂ ಆಗಲೇ. ಕೊಟ್ಟಿಗೆಯ ಮೂಲೆಯಲ್ಲಿ ಮರಿ ಮಾತ್ರ ನುಸುಳುವಷ್ಟು ಕಂಡಿ ಬಿಟ್ಟು ತಡಿಕೆ ಕಟ್ಟು. ಒಳಗೆ ಎಳೆ ಸೊಪ್ಪು ನೇತುಹಾಕು, ಒಂದು ಖನಿಜದ ಗಡ್ಡೆ ಕಟ್ಟು. ನೆಲ ಮಾತ್ರ ಒಣಗಿರಬೇಕು. ಒದ್ದೆ ಕೊಟ್ಟಿಗೆಯಲ್ಲಿ ರಕ್ತಭೇದಿ ಬಂದರೆ ಒಂದು ಮರಿಗೆ ನಿಲ್ಲುವುದಿಲ್ಲ. ಮೂರು ತಿಂಗಳಿಗೆ ಹಾಲು ಬಿಡಿಸುತ್ತೇವೆ. ಆಮೇಲೆ ಪಿಪಿಆರ್ ಅನ್ನುವ ಕುರಿ, ಮೇಕೆ ರೋಗಕ್ಕೆ ಲಸಿಕೆ. ಜಂತಿನ ಔಷಧಿ ಡಾಕ್ಟರನ್ನು ಕೇಳಿ, ತೂಕ ನೋಡಿ ಹಾಕು.

ವಸಂತದಲ್ಲಿ ಕುರಿ ಸಾಯುವುದು ಹಸಿವಿನಿಂದಲೇ ಅಂದುಕೊಳ್ಳಬೇಡ. ಹೊಟ್ಟೆ ತುಂಬಿಯೂ ಸಾಯುತ್ತವೆ. ಮದುವೆ ಕಾಲ ಇದು. ಛತ್ರದ ಹಿಂದೆ ಚೆಲ್ಲಿದ ಅನ್ನಕ್ಕೆ ಕುರಿ ನುಗ್ಗಿದರೆ ಹೊಟ್ಟೆಯಲ್ಲಿ ಹುಳಿಯಾಗಿ, ಉಬ್ಬರಿಸಿ, ಮಾರನೆಯ ದಿನಕ್ಕೆ ಉಳಿಯುವುದಿಲ್ಲ. ಇನ್ನೊಂದು, ಭರಣಿ ಮಳೆ. ಮೊದಲ ಹದ ಬಿದ್ದ ಮೇಲೆ ಜೋಳದ ಕೂಳೆ ಚಿಗುರುತ್ತದಲ್ಲ, ಆ ಎಳೆ ಚಿಗುರು ವಿಷ. ನೋಡೋಕೆ ಮಾತ್ರ ಬಾಯಲ್ಲಿ ನೀರೂರಿಸುವ ಹಸಿರು. ಹೊಸ ಹುಲ್ಲನ್ನು ಒಮ್ಮೆಲೇ ಗಬಗಬ ತಿಂದರೆ ಕರುಳು ಬೇನೆಯೂ ಬರುತ್ತದೆ. ಸಂಜೆ ಚೆನ್ನಾಗಿದ್ದ ಕೊಬ್ಬಿದ ಮರಿ ಬೆಳಗ್ಗೆ ಸತ್ತಿರುತ್ತದೆ, ಜನ ಮಾಟ ಅನ್ನುತ್ತಾರೆ. ಮಳೆಗೆ ಮೊದಲೇ ಲಸಿಕೆ ಹಾಕಿಸಬೇಕು. ಮೊದಲ ಸಲ ಹಾಕಿಸುವುದಾದರೆ ಎರಡು ವಾರ ಬಿಟ್ಟು ಇನ್ನೊಮ್ಮೆ. ತಾಯಿಗೆ ಈಯುವ ತಿಂಗಳ ಮೊದಲೇ ಹಾಕಿಸಿದ್ದರೆ ಗಿಣ್ಣಿನ ಮೂಲಕ ಮರಿಗೂ ಕಾಪು ಸಿಗುತ್ತದೆ.

ದುಡ್ಡಿನ ಮಾತು ಕೇಳಿದ್ದೀಯ. ನಮ್ಮ ಕಡೆ ಹೋದ ವರ್ಷದ ಟಗರು ಮರಿಗಳಿಗೆ ಒಳ್ಳೆಯ ಬೆಲೆ ಬರುವುದು ಯುಗಾದಿ ಮಾರನೆಯ ದಿನದ ವರ್ಷತೊಡಕಿಗೆ ಮತ್ತು ಬಕ್ರೀದಿಗೆ. ಬಕ್ರೀದ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ, ಅದನ್ನು ಲೆಕ್ಕದಲ್ಲಿ ಇಟ್ಟುಕೊಂಡೇ ಟಗರು ಕಟ್ಟಬೇಕು. ಅದಕ್ಕೇ ನಿನಗೆ ಈಗ ಬೇಡ ಅಂದಿದ್ದು. ಈ ತಿಂಗಳು ಕೊಳ್ಳುವವನು ಹಬ್ಬದ ಬೆಲೆ ಕೊಟ್ಟು, ಮೇವಿಲ್ಲದ ಕಾಲಕ್ಕೆ ಬಡಕಲು ಬಾಣಂತಿ ಕುರಿ ತರುತ್ತಾನೆ. ಬನ್ನೂರು ಅಂತ ಹೇಳಿ ಅಡ್ಡತಳಿ ಕಟ್ಟುವವರಿಗೂ ಕಡಿಮೆಯಿಲ್ಲ. ಅಸಲಿ ಬನ್ನೂರಿಗೆ ಗಿಡ್ಡ ಕಾಲು, ಮುಖದಲ್ಲಿ ತಿಳಿಗಂದು, ಕೊಂಬಿಲ್ಲದ ತಲೆ, ಹಿಂದಿನಿಂದ ನೋಡಿದರೆ ಬೋರಲು ಹಾಕಿದ ಇಂಗ್ಲಿಷಿನ ಯು ಅಕ್ಷರ. ಧನಗೂರಿನ ಸರ್ಕಾರಿ ಕುರಿ ಫಾರಂಗೆ ಒಮ್ಮೆ ಕರೆದುಕೊಂಡು ಹೋಗುತ್ತೇನೆ, ಅಸಲಿ ತಳಿ ಕಣ್ಣಿಗೆ ಬೀಳಲಿ.

ನನ್ನ ಮಾತು ಕೇಳುವುದಾದರೆ ಹೀಗೆ ಮಾಡು. ಮುಂಗಾರಿಗೆ ನಿಮ್ಮ ಕೆಳಗಿನ ಹೊಲದಲ್ಲಿ ಅರ್ಧ ಎಕರೆ ಹಿಪ್ಪುನೇರಳೆ ಹಾಕು. ಬದುವಿಗೆ ಅಗಸೆ ಮರ, ನುಗ್ಗೆ. ಅಗಸೆಯನ್ನು ಬುಡಕ್ಕೆ ಕಡಿಯಬೇಡ, ಸಾಯುತ್ತದೆ, ಕೊಂಬೆ ಮಾತ್ರ ಮುರಿ. ಸುಬಾಬುಲ್ ಇರಲಿ, ಆದರೆ ಅದನ್ನೇ ತಿನ್ನಿಸಿದರೆ ಕುರಿಯ ಕೂದಲು ಉದುರುತ್ತದೆ, ಬೇರೆ ಸೊಪ್ಪಿನ ಜೊತೆ ಮೂರರಲ್ಲಿ ಒಂದು ಪಾಲು ಸಾಕು. ಕೆರೆ ಏರಿಯ ಜಾಲಿಕಾಯಿ, ರಸ್ತೆ ಬದಿಯ ಮಳೆಮರದ ಕಾಯಿ ಈಗ ಉದುರುತ್ತಿವೆ, ಪುಕ್ಕಟೆ. ಆರಿಸಿ ಒಣಗಿಸಿ ಚೀಲ ತುಂಬು. ಗೌರಿ ಹಬ್ಬ ಕಳೆದ ಮೇಲೆ ಐದು ಕುರಿ ಕೊಡಿಸುತ್ತೇನೆ, ಹತ್ತಲ್ಲ. ಟಗರು ಬೇಡ, ನಮ್ಮದನ್ನೇ ಕಳಿಸುತ್ತೇನೆ. ಕೆಲಸಕ್ಕೆ ಅಲ್ಲಿಯವರೆಗೂ ರಾಜೀನಾಮೆ ಬರೆಯಬೇಡ. ಅತ್ತಿಗೆಗೂ ಈ ಪತ್ರ ತೋರಿಸು, ಬೆಳಗಿನ ಜಾವ ಎದ್ದು ಮರಿ ನೋಡುವವರು ಯಾರು ಅನ್ನುವುದು ಮೊದಲೇ ತೀರ್ಮಾನವಾಗಲಿ.

ಯುಗಾದಿಗೆ ಹೇಗೂ ಬರುತ್ತೀಯಲ್ಲ, ಎರಡು ದಿನ ಜಾಸ್ತಿ ರಜೆ ಹಾಕು. ಇನ್ನೂ ಮೂರು ಕುರಿ ಈಯುವುದಿದೆ, ದೋಟಿ ಹಿಡಿಯುವುದನ್ನೂ ಕಲಿಯಬಹುದು. ವರ್ಷತೊಡಕಿನ ಗುಡ್ಡೆ ಮಾಂಸಕ್ಕೆ ನಿನ್ನ ಹೆಸರಿನಲ್ಲೂ ಒಂದು ಪಾಲು ಬರೆಸಿದ್ದೇನೆ. ದುಡ್ಡು ಮುಂಚೆಯೇ ಕಳಿಸು, ಹೋದ ಸಲದ್ದೂ ಬಾಕಿ ಇದೆ.

ನಿನ್ನ,
ಶಿವು