ಕರೆಂಟ್ ತೆಗೆಯುವ ಸುದ್ದಿ ಮೂರು ದಿನ ಮೊದಲೇ ಹಾಕಿ

ಮಾನ್ಯರೇ,

ನಿಮ್ಮ ಪತ್ರಿಕೆಯ ಒಳಪುಟದ ಮೂಲೆಯಲ್ಲಿ ‘ಇಂದು ವಿದ್ಯುತ್ ನಿಲುಗಡೆ’ ಎಂಬ ಚಿಕ್ಕ ಕಾಲಂ ಬರುತ್ತದೆ. ನಾನು ಮೊದಲು ಓದುವುದೇ ಅದನ್ನು. ನಿಧನ ವಾರ್ತೆ ಆಮೇಲೆ. ಆ ‘ಇಂದು’ ಎಂಬ ಪದದ ಮೇಲೆ ನನಗೊಂದು ತಕರಾರಿದೆ.

ನಾನು ಮಂಗಳೂರಿನ ಒಂದು ಕಾಲೇಜಿನ ಲ್ಯಾಬ್‌ನಲ್ಲಿ ಹದಿನಾರು ವರ್ಷದಿಂದ ಟೆಕ್ನಿಷಿಯನ್. ಹುಳದ ಜೀವಕೋಶಗಳನ್ನು ಗಾಜಿನ ಫ್ಲಾಸ್ಕ್‌ನಲ್ಲಿ ಸಾಕುವುದು ನನ್ನ ಕೆಲಸ. 2018ರಲ್ಲಿ ನಮ್ಮ ರಾಜ್ಯದ ಮೆಕ್ಕೆಜೋಳದ ಹೊಲಗಳಿಗೆ ಫಾಲ್ ಆರ್ಮಿವರ್ಮ್ ಎಂಬ ಸೈನಿಕ ಹುಳು ನುಗ್ಗಿತ್ತಲ್ಲ, ಅದೇ ಹುಳುವಿನ ಕೋಶಗಳು. 1970ರ ದಶಕದಲ್ಲಿ ಅಮೆರಿಕದಲ್ಲಿ ಅದರ ಗೂಡಿನ ಹಂತದ ಅಂಡಾಶಯದಿಂದ ತೆಗೆದವು ಇಂದಿಗೂ ಬೆಳೆಯುತ್ತಲೇ ಇವೆ. ಎಸ್‌ಎಫ್9 ಎಂದು ಹೆಸರು. “ಊರಿಡೀ ಆ ಹುಳಕ್ಕೆ ಮದ್ದು ಬಿಡ್ತಾರೆ, ನೀನು ಸಂಬಳ ತಗೊಂಡು ಅದನ್ನೇ ಸಾಕ್ತೀಯಲ್ಲ ಮಾರಾಯ್ತಿ” ಎಂದು ನಮ್ಮ ಮನೆಯವರ ತಮಾಷೆ.

ಸುಮ್ನೆ ಸಾಕುವುದಲ್ಲ ಬಿಡಿ. ರೇಷ್ಮೆ ಹುಳಕ್ಕೆ ಹಾಲುತೊಂಡೆ ರೋಗ ತರುವ ವೈರಸ್‌ನ ಬಳಗದ್ದೇ ಒಂದು ವೈರಸ್ ಇದೆ, ಬ್ಯಾಕ್ಯುಲೋವೈರಸ್. ಅದು ಕೋಶದೊಳಗೆ ಹೊಕ್ಕು ತನ್ನ ಹೊದಿಕೆಗೆ ಬೇಕಾದ ಪ್ರೋಟೀನನ್ನು ರಾಶಿ ರಾಶಿ ಮಾಡಿಸಿಕೊಳ್ಳುತ್ತದೆ. ಆ ಪ್ರೋಟೀನಿನ ಜೀನ್ ತೆಗೆದು ನಮಗೆ ಬೇಕಾದ ಪ್ರೋಟೀನಿನ ಜೀನ್ ಕೂರಿಸಿದರೆ, ಕೋಶ ನಮ್ಮ ಪ್ರೋಟೀನ್ ಮಾಡಿಕೊಡುತ್ತದೆ. ಪುಣೆಯಲ್ಲಿ ತಯಾರಾದ ಕೋವೊವ್ಯಾಕ್ಸ್ ಎಂಬ ಕೋವಿಡ್ ಲಸಿಕೆಯ ಪ್ರೋಟೀನ್ ಬಂದದ್ದು ಇದೇ ದಾರಿಯಲ್ಲಿ. ನಮ್ಮ ಲ್ಯಾಬ್‌ನ ಪಿಎಚ್‌ಡಿ ಹುಡುಗಿ ಮಾಡಿಸುತ್ತಿದ್ದದ್ದು ಸಿಗಡಿಯ ಬಿಳಿಚುಕ್ಕೆ ರೋಗದ ವೈರಸ್‌ನ ಹೊರಮೈ ಪ್ರೋಟೀನ್. ಎಟ್ಟಿ (ಸಿಗಡಿ) ಸಾಕುವವರಿಗೆ ಆ ರೋಗ ಎಂದರೆ ಏನೆಂದು ಗೊತ್ತು.

ಈ ಕೋಶಗಳಿಗೆ 27 ಡಿಗ್ರಿ ಬೇಕು, ಏಪ್ರಿಲ್‌ನ ಮಂಗಳೂರು ಅಲ್ಲ. ಮತ್ತೆ ಗಾಳಿ ಬೇಕು. 250 ಎಂಎಲ್ ಫ್ಲಾಸ್ಕ್‌ಗೆ 60 ಎಂಎಲ್ ಮಾತ್ರ ಹಾಕಿ, ಹಗಲೂ ರಾತ್ರಿ ಶೇಕರ್ ಎಂಬ ಅಲ್ಲಾಡಿಸುವ ಯಂತ್ರದ ಮೇಲೆ ತಿರುಗಿಸುತ್ತಿರಬೇಕು. ಆಗ ಸಕ್ಕರೆಯನ್ನೂ ಗ್ಲುಟಮಿನ್ ಎಂಬ ಅಮೈನೋ ಆಮ್ಲವನ್ನೂ ತಿಂದುಕೊಂಡು ಚೆನ್ನಾಗಿರುತ್ತವೆ. ಹೊರಗೆ ಬಿಡುವುದು ಮುಖ್ಯವಾಗಿ ಅಲನಿನ್ ಎಂಬ ಇನ್ನೊಂದು ಅಮೈನೋ ಆಮ್ಲ. ಅದರಿಂದ ತೊಂದರೆ ಇಲ್ಲ. ಉಸಿರು ಕಟ್ಟಿದರೆ ಮಾತ್ರ ಲ್ಯಾಕ್ಟೇಟ್ ಎಂಬ ತ್ಯಾಜ್ಯ ಬಿಡಲು ಶುರು ಮಾಡುತ್ತವೆ. ವೈರಸ್ ಹಾಕಿದ ಮೇಲಂತೂ ಅವು ಊದಿಕೊಂಡು ಮೊದಲಿಗಿಂತ ಜಾಸ್ತಿ ಆಮ್ಲಜನಕ ಕೇಳುತ್ತವೆ. ಅಲ್ಲಿಂದ ಪ್ರೋಟೀನ್ ಕೈಗೆ ಬರಲು ಸುಮಾರು 72 ಗಂಟೆ. ನಡುವೆ “ಸ್ವಲ್ಪ ನಿಲ್ಲಿ, ಕರೆಂಟ್ ಇಲ್ಲ” ಎಂದರೆ ಕೇಳುವುದಿಲ್ಲ.

ಏಪ್ರಿಲ್‌ನಲ್ಲಿ ಆದದ್ದು ಇದು. ಸೋಮವಾರ ವೈರಸ್ ಹಾಕಿದೆವು. ಮಂಗಳವಾರ ಬೆಳಗ್ಗೆ ಪತ್ರಿಕೆ ತೆರೆದರೆ, ಮಳೆಗಾಲಕ್ಕೆ ಮೊದಲು ಮರದ ಗೆಲ್ಲು ಸವರುವ ಕೆಲಸ, 10ರಿಂದ 5ರ ತನಕ ಕರೆಂಟ್ ಇಲ್ಲ, ನಮ್ಮ ಏರಿಯಾದ ಹೆಸರೂ ಇದೆ. ಯುಪಿಎಸ್ ಮುಕ್ಕಾಲು ಗಂಟೆ ಎಳೆಯಿತು. ಆಮೇಲೆ ಶೇಕರ್ ನಿಂತಿತು. ಎಸಿ ಅದಕ್ಕೂ ಮೊದಲೇ ನಿಂತಿತ್ತು.

ಕೋಶಗಳು ತಳಕ್ಕೆ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಮೇಲಿನ ನೀರು ತಿಳಿಯಾಗುತ್ತಾ ಬಂದು, ಅಡಿಯಲ್ಲಿ ಅಕ್ಕಿ ತೊಳೆದ ನೀರಿನ ಗಷ್ಟಿನ ಹಾಗೆ ಬೆಳ್ಳಗೆ ಕೂರುತ್ತದೆ. ಆರು ಫ್ಲಾಸ್ಕ್, ನಾವಿಬ್ಬರು. ಟ್ರೇಯಲ್ಲಿ ನೀರು ಹಾಕಿ, ಜೆಲ್ ಐಸ್ ಪ್ಯಾಕ್ ಇಟ್ಟು, ಥರ್ಮಾಮೀಟರ್ ನೋಡುತ್ತಾ ಒಂದೊಂದೇ ಫ್ಲಾಸ್ಕ್ ಎತ್ತಿ ಕೈಯಲ್ಲಿ ತಿರುಗಿಸಿದೆವು. ಒಬ್ಬರು ಊಟಕ್ಕೆ ಹೋದರೆ ಇನ್ನೊಬ್ಬರಿಗೆ ಆರೂ. ಮೂರು ಗಂಟೆ ಹೊತ್ತಿಗೆ ನನ್ನ ಮಣಿಕಟ್ಟು ಮಾತು ಕೇಳಲಿಲ್ಲ. ಮರುದಿನ ಟ್ರಿಪಾನ್ ಬ್ಲೂ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದೆ. ಸತ್ತ ಕೋಶ ಮಾತ್ರ ನೀಲಿ ಬಣ್ಣ ಹೀರುತ್ತದೆ. ಅರ್ಧಕ್ಕಿಂತ ಜಾಸ್ತಿ ನೀಲಿ. ಕೋಶ ಒಡೆದರೆ ಒಳಗಿನ ಕಿಣ್ವಗಳು ಹೊರಬಂದು ಆದ ಪ್ರೋಟೀನನ್ನೂ ಕತ್ತರಿಸುತ್ತವೆ. ಪ್ರೋಟೀನ್‌ಗಳನ್ನು ಗಾತ್ರದಂತೆ ಬೇರ್ಪಡಿಸಿ ನೋಡುವ ಜೆಲ್‌ನಲ್ಲಿ ಒಂದು ಗೆರೆ ಕಾಣಬೇಕಾದಲ್ಲಿ ಉದ್ದಕ್ಕೂ ಮಸಿ ಬಳಿದ ಹಾಗಿತ್ತು. ಹುಡುಗಿ ಏನೂ ಹೇಳಲಿಲ್ಲ, ಫ್ಲಾಸ್ಕ್ ತೊಳೆಯಲು ಹೋದಳು.

ಜನರೇಟರ್ ಇಲ್ಲವಾ ಎಂದು ನೀವು ಕೇಳಬಹುದು. ಅದರ ಅರ್ಜಿ ಎರಡು ವರ್ಷದಿಂದ ನಮ್ಮ ಆಫೀಸಿನ ಫೈಲ್‌ನಲ್ಲಿ ತಣ್ಣಗಿದೆ. ಅದು ನಮ್ಮ ಮನೆಯ ಜಗಳ, ನಿಮಗೆ ಬೇಡ. ಮಳೆಗೆ ಮೊದಲು ಗೆಲ್ಲು ಸವರಬೇಕಾದ್ದೂ ಸರಿಯೇ, ಇಲ್ಲದಿದ್ದರೆ ಜೂನ್‌ನಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲ.

ಕೆಲಸದ ದಿನ ಮೊದಲೇ ನಿಗದಿಯಾಗಿರುತ್ತದೆ ಅಲ್ವಾ? ಹಾಗಿದ್ದರೆ ಸುದ್ದಿಯೂ ಮೊದಲೇ ಸಿಗಬೇಕು. ಸಿಕ್ಕ ದಿನವೇ ಹಾಕಿ, ‘ಇಂದು’ ಬದಲು ‘ಈ ವಾರ’ ಎಂದು ಮಾಡಿ. ನಮಗೆ ಬೇಕಾದದ್ದು ಮೂರೇ ದಿನ. ನಮ್ಮ ಬೀದಿಯ ಐಸ್‌ಕ್ರೀಂ ಅಂಗಡಿಯವರೂ ಇದನ್ನೇ ಬರೆಯಲು ಹೇಳಿದ್ದಾರೆ. ಅವರಿಗೆ ಒಂದು ದಿನ ಸಾಕಂತೆ.

ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿಟ್ಟಿದ್ದ ಕೋಶಗಳ ಹೊಸ ವಯಲ್ (ಚಿಕ್ಕ ಸೀಸೆ) ಕರಗಿಸಿದ್ದೇವೆ. ಕೋಶಗಳು ದಿನಕ್ಕೊಮ್ಮೆ ಇಮ್ಮಡಿಯಾಗುವ ಹದಕ್ಕೆ ಬಂದಿವೆ. ಮುಂದಿನ ತಿಂಗಳ ಮೊದಲ ಸೋಮವಾರ ವೈರಸ್ ಹಾಕುತ್ತೇವೆ. ಆ ಗುರುವಾರದೊಳಗೆ ಎಲ್ಲಾದರೂ ಲೈನ್ ತೆಗೆಯುವುದಿದ್ದರೆ, ದಯವಿಟ್ಟು ಆ ಸೋಮವಾರದ ಹಿಂದಿನ ಶುಕ್ರವಾರದ ಪತ್ರಿಕೆಯಲ್ಲೇ ಹಾಕಿಬಿಡಿ.

– ಒಬ್ಬ ಲ್ಯಾಬ್ ಟೆಕ್ನಿಷಿಯನ್, ಕುಲಶೇಖರ, ಮಂಗಳೂರು