ಬೈಬಲಿನ ಅಪರೂಪದ ಹೆಸರುಗಳು ಎಷ್ಟು ಅಪರೂಪ?

ಮಾನ್ಯ ಸಂಪಾದಕರೇ,

ಮಕ್ಕಳಿಗೆ ಯಾರೂ ಇಡದ ಹೆಸರನ್ನೇ ಇಡಬೇಕೆಂಬ ಹಂಬಲ ಈಗ ಎಲ್ಲ ಸಮುದಾಯಗಳಲ್ಲೂ ಇದೆ. ಮೈಸೂರು ಸೀಮೆಯ ಕ್ರೈಸ್ತ ಕುಟುಂಬಗಳಲ್ಲಿ ಆ ಹಂಬಲ ಹಳೆಯ ಒಡಂಬಡಿಕೆಯ ಕಡೆಗೆ ಹೊರಳಿದೆ. ನಾನು ಧರ್ಮೋಪದೇಶದ ಪಾಠ ಹೇಳುವ ಚರ್ಚಿನಲ್ಲಿ ಈ ವರ್ಷ ಪ್ರಥಮ ಪರಮಪ್ರಸಾದಕ್ಕೆ (ಮೊದಲ ಕಮ್ಯುನಿಯನ್‌ಗೆ) ಸಿದ್ಧರಾದ ಮಕ್ಕಳ ಪಟ್ಟಿಯಲ್ಲಿ ಎಜ್ರಾ, ಈತನ್, ಆಶರ್, ಕೆಜಿಯಾ ಎಂಬ ಹೆಸರುಗಳಿದ್ದವು. ಅವರ ಅಜ್ಜಂದಿರನ್ನು ಊರು ಕರೆಯುವುದು ಚಿನ್ನಪ್ಪ, ರಾಯಪ್ಪ, ಅಂತೋಣಪ್ಪ ಎಂದು. ಈ ಬದಲಾವಣೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ತಾವು ಆರಿಸಿದ ಹೆಸರು ನಿಜಕ್ಕೂ ಅಪರೂಪದ್ದೇ ಎಂದು ತಿಳಿದುಕೊಳ್ಳುವ ದಾರಿ ನಮ್ಮ ರಾಜ್ಯದ ತಂದೆತಾಯಿಗಳಿಗೆ ಇಲ್ಲ. ಸರ್ಕಾರ ಅದನ್ನು ಒದಗಿಸಬೇಕೆಂದು ಕೋರುವುದೇ ಈ ಪತ್ರದ ಉದ್ದೇಶ.

ಬೈಬಲಿನ ಹೆಸರುಗಳ ಏರಿಳಿತ ಹೊಸದೇನಲ್ಲ. 1546ರಲ್ಲಿ, ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನ್‌ನ ಪ್ರಭಾವ ಬಲವಾಗಿದ್ದ ಜಿನೀವಾ ನಗರದಲ್ಲಿ, ಕೆಲವು ಸಂತರ ಹೆಸರುಗಳನ್ನು ಮಕ್ಕಳಿಗೆ ಇಡಕೂಡದೆಂದು ಆಜ್ಞೆ ಹೊರಟಿತು. ಅದೇ ಪಂಥದ ಛಾಯೆಯಲ್ಲಿ ಬೆಳೆದ ಇಂಗ್ಲೆಂಡಿನ ಪ್ಯೂರಿಟನ್ನರು ಸಂತರನ್ನು ಬಿಟ್ಟು ಓಬದ್ಯ, ಹಿಜ್ಕೀಯ, ಜೆರುಬ್ಬಾಬೆಲರಂತಹ ಹೆಸರುಗಳನ್ನು ಹುಡುಕಿ ಇಟ್ಟರು, ಅಮೆರಿಕಕ್ಕೂ ಕೊಂಡೊಯ್ದರು. ಮುಂದೆ ಅವು ಮುದುಕರ ಹೆಸರುಗಳೆನಿಸಿ ಮೂಲೆ ಸೇರಿದವು. ಅಮೆರಿಕದ ಸಾಮಾಜಿಕ ಭದ್ರತಾ ಇಲಾಖೆ 1880ರಿಂದೀಚಿನ ಹೆಸರುಗಳ ಲೆಕ್ಕವನ್ನು ಪ್ರಕಟಿಸುತ್ತದೆ. ಅದರ ಪ್ರಕಾರ 1880ರಿಂದ 1946ರವರೆಗೆ ಪ್ರತಿ ವರ್ಷವೂ ಹೆಣ್ಣುಮಕ್ಕಳ ಹೆಸರುಗಳಲ್ಲಿ ಮೇರಿ ಮೊದಲನೆಯದಾಗಿತ್ತು. ಇಂದು ಅದು ಮೊದಲ ನೂರರೊಳಗೂ ಇಲ್ಲ. ಒಂದು ಕಾಲಕ್ಕೆ ಹಳೆಯದೆಂದು ಕೈಬಿಟ್ಟಿದ್ದ ನೋಹ 2013ರಿಂದ 2016ರವರೆಗೆ ಗಂಡುಮಕ್ಕಳ ಪಟ್ಟಿಯ ತುದಿಯಲ್ಲಿತ್ತು. ಎಜ್ರಾ, ಆಶರ್, ಲೇವಿ ಈಗ ಅಲ್ಲಿ ಮೊದಲ ಐವತ್ತರೊಳಗಿವೆ. ಅಂದರೆ ನಮ್ಮವರು ಅಪರೂಪವೆಂದು ಮೊಬೈಲಿನಲ್ಲಿ ಹುಡುಕಿ ತರುತ್ತಿರುವುದು ಬೇರೆಡೆ ಈಗಾಗಲೇ ಗಲ್ಲಿಗೊಬ್ಬನಿಗಿರುವ ಹೆಸರನ್ನು.

ನಮ್ಮಲ್ಲಿ ಈ ಬದಲಾವಣೆಗೆ ಬೇರೆಯದೇ ಹಿನ್ನೆಲೆಯಿದೆ. ಕಥೋಲಿಕ ಧರ್ಮಸಭೆಯ 1917ರ ಕಾನೂನಿನಂತೆ ಜ್ಞಾನಸ್ನಾನದಲ್ಲಿ (ಬ್ಯಾಪ್ಟಿಸಮ್) ಕ್ರೈಸ್ತ ಹೆಸರನ್ನೇ ಇಡಬೇಕಿತ್ತು. ತಂದೆತಾಯಿ ಒಪ್ಪದಿದ್ದರೆ ಚರ್ಚಿನ ಗುರುಗಳೇ ಒಬ್ಬ ಸಂತರ ಹೆಸರನ್ನು ಸೇರಿಸಿ ಎರಡನ್ನೂ ದಾಖಲೆ ಪುಸ್ತಕದಲ್ಲಿ ಬರೆಯಬೇಕಿತ್ತು. ನಮ್ಮ ಹಳ್ಳಿಗಳ ಜನ ಆ ಸಂತರನ್ನು ತಮ್ಮವರನ್ನಾಗಿ ಮಾಡಿಕೊಂಡರು: ಪೇತ್ರ ರಾಯಪ್ಪನಾದ, ಪೌಲ ಚಿನ್ನಪ್ಪನಾದ, ಜೋಸೆಫ್ ಜೋಜಪ್ಪನಾದ. 1983ರ ಕಾನೂನಿನ 855ನೇ ವಿಧಿ ಕ್ರೈಸ್ತ ಭಾವನೆಗೆ ಹೊರತಾದ ಹೆಸರು ಬೇಡ ಎಂದಷ್ಟೇ ಹೇಳುತ್ತದೆ. ಕಟ್ಟು ಸಡಿಲವಾದ ಮೇಲೆ ಆನಂದ, ಜ್ಯೋತಿ, ಪ್ರಭಾಕರ ಮುಂತಾದ ಹೆಸರುಗಳಿಗೂ ದಾರಿಯಾಯಿತು. ಈಗಿನ ಸರದಿ ಎಜ್ರಾನದು. (ನಮ್ಮ ನಗರದ ದೊಡ್ಡ ಚರ್ಚಿನ ಸಂತ ಫಿಲೋಮಿನಾಳ ಹಬ್ಬವನ್ನು ರೋಮ್ 1961ರಲ್ಲಿಯೇ ಪಂಚಾಂಗದಿಂದ ತೆಗೆದರೂ ಮೈಸೂರಿನಲ್ಲಿ ಫಿಲೋಮಿನಮ್ಮನವರಿಗೆ ಕೊರತೆಯಾಗಲಿಲ್ಲ, ಹೆಸರು ಉಳಿಯುವುದು ಆಜ್ಞೆಯಿಂದಲ್ಲ, ಅಕ್ಕರೆಯಿಂದ ಎಂದು ನನಗೆ ಅನ್ನಿಸುವುದು ಇದಕ್ಕೇ.) ಇಂದು ಒಂದು ಕೂಸಿಗೆ ಚಿನ್ನಪ್ಪ ಎಂದು ಹೆಸರಿಟ್ಟರೆ ಇಡೀ ಶಾಲೆಯಲ್ಲಿ ಇನ್ನೊಬ್ಬ ಸಿಗಲಿಕ್ಕಿಲ್ಲ. ಅಪರೂಪವೇ ಗುರಿಯಾಗಿದ್ದರೆ ಇದಕ್ಕಿಂತ ಬೇರೆ ಬೇಕೆ?

ಹೊಸ ಹೆಸರುಗಳಿಗೆ ಇನ್ನೊಂದು ತೊಡಕೂ ಇದೆ. ನಮ್ಮ ಕನ್ನಡ ಬೈಬಲಿನಲ್ಲಿ ಯೆಶಾಯ, ಯೆರೆಮೀಯ, ಮೀಕ ಎಂಬ ರೂಪಗಳು ಎಂದಿನಿಂದಲೂ ಇದ್ದರೂ ಹೆಸರು ಬರುವುದು ಇಂಗ್ಲಿಷ್ ಪಟ್ಟಿಗಳಿಂದ. ನೋಂದಣಿ ಕಚೇರಿಯಲ್ಲಿ ತಂದೆ ಅದನ್ನು ಇಂಗ್ಲಿಷಿನಲ್ಲಿ ಬರೆದುಕೊಡುತ್ತಾನೆ. ಅಲ್ಲಿನ ಸಿಬ್ಬಂದಿ ಕಿವಿಗೆ ಬಿದ್ದಂತೆ ಕನ್ನಡದಲ್ಲಿ ಟೈಪು ಮಾಡುತ್ತಾರೆ. ಹೀಗೆ ಯೆಶಾಯ ಒಂದು ಮನೆಯಲ್ಲಿ ಐಸಾಯ, ಇನ್ನೊಂದರಲ್ಲಿ ಇಸಯ್ಯ, ಮಗದೊಂದರಲ್ಲಿ ಇಸೈಯಾ ಆಗುತ್ತಾನೆ. ಜನನ ಪ್ರಮಾಣಪತ್ರ, ಆಧಾರ್ ಮತ್ತು ಶಾಲಾ ದಾಖಲಾತಿಗಳಲ್ಲಿ ಒಂದೊಂದು ರೂಪವಿದ್ದರೆ ಮುಂದೆ ಅಲೆಯಬೇಕಾದವರು ಆ ಮಗುವಿನ ತಂದೆತಾಯಿಯೇ. ಹೆಸರಿಲ್ಲದೆ ಜನನವನ್ನು ನೋಂದಾಯಿಸಿ ಅನಂತರ ಹೆಸರು ಸೇರಿಸಲು 1969ರ ಜನನ ಮತ್ತು ಮರಣ ನೋಂದಣಿ ಕಾಯ್ದೆಯ 14ನೇ ವಿಧಿ ಅವಕಾಶ ಕೊಟ್ಟಿದೆ. ಆದ್ದರಿಂದ ಆತುರಪಡದೆ ಕನ್ನಡ ಕಾಗುಣಿತವನ್ನು ಮನೆಯಲ್ಲೇ ನಿಶ್ಚಯಿಸಿ ಬರೆದುಕೊಡುವುದು ಒಳ್ಳೆಯದು.

ರಾಜ್ಯದಲ್ಲಿ ಜನನ ನೋಂದಣಿ ಇ-ಜನ್ಮ ತಂತ್ರಾಂಶದ ಮೂಲಕ ನಡೆಯುವುದರಿಂದ ಹೆಸರುಗಳು ಕಂಪ್ಯೂಟರಿನಲ್ಲಿ ಇದ್ದೇ ಇವೆ. ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯವು ವರ್ಷಕ್ಕೊಮ್ಮೆ, ಜಿಲ್ಲಾವಾರು, ಯಾವ ಹೆಸರನ್ನು ಎಷ್ಟು ಮಕ್ಕಳಿಗೆ ಇಡಲಾಗಿದೆ ಎಂಬ ಪಟ್ಟಿಯನ್ನು ಪ್ರಕಟಿಸಬೇಕು. ಅಮೆರಿಕದವರು ಒಂದು ವರ್ಷದಲ್ಲಿ ಐದಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರನ್ನು ಪಟ್ಟಿಯಿಂದ ಕೈಬಿಡುತ್ತಾರೆ; ಅದೇ ನಿಯಮವನ್ನು ಇಲ್ಲಿಯೂ ಪಾಲಿಸಿದರೆ ಯಾರ ಗುರುತೂ ಬಯಲಾಗುವುದಿಲ್ಲ. ಜಾತಿ, ಧರ್ಮಗಳ ಕಲಮು ಆ ಪಟ್ಟಿಯಲ್ಲಿ ಬೇಡವೇ ಬೇಡ. ಸಂಬಂಧಪಟ್ಟ ಅಧಿಕಾರಿಗಳು ಮೈಸೂರು ಮತ್ತು ಮಂಡ್ಯ ಜಿಲ್ಲೆಗಳಿಂದಲೇ ಇದನ್ನು ಪ್ರಾಯೋಗಿಕವಾಗಿ ಆರಂಭಿಸಬಹುದು.

ಇತಿ,
ಓರ್ವ ಓದುಗ,
ಬನ್ನಿಮಂಟಪ, ಮೈಸೂರು