ಟಿಕೆಟ್‌ನಲ್ಲಿರುವ ಹೊತ್ತಿಗೇ ಹಾಡು ಶುರುವಾಗಲಿ

ಮಾನ್ಯ ಸಂಪಾದಕರೇ,

ಕಳೆದ ಶನಿವಾರ ಬೆಂಗಳೂರಿನ ಬಯಲು ವೇದಿಕೆಯೊಂದರಲ್ಲಿ ‘ಅಗಮ್’ ಬ್ಯಾಂಡ್‌ನ ಕಾರ್ಯಕ್ರಮ ಇತ್ತು. ಟಿಕೆಟ್‌ನಲ್ಲಿ ಸಂಜೆ 6.30 ಅಂತಿತ್ತು. ಬ್ಯಾಂಡ್ ವೇದಿಕೆ ಹತ್ತುವಾಗ ಎಂಟು ದಾಟಿತ್ತು. ರಾತ್ರಿ 10ಕ್ಕೆ ಮೈಕ್ ಬಂದ್. ಕೊನೆಯ ಹಾಡನ್ನು ಅವಸರದಲ್ಲಿ ಮುಗಿಸಬೇಕಾಯಿತು. ಇದು ಇದೇ ಮೊದಲಲ್ಲ, ಒಂದೇ ಕಡೆಯದೂ ಅಲ್ಲ. ಅದಕ್ಕೇ ಈ ಪತ್ರ.

ಅಗಮ್ 2003ರಲ್ಲಿ ನಮ್ಮ ಊರಿನಲ್ಲೇ ಶುರುವಾದ ಬ್ಯಾಂಡ್. ಕರ್ನಾಟಕ ಸಂಗೀತವನ್ನೂ ಪ್ರೊಗ್ರೆಸಿವ್ ರಾಕ್ ಅನ್ನೂ ಒಟ್ಟಿಗೆ ಹಿಡಿದವರು. ಹರೀಶ್ ಶಿವರಾಮಕೃಷ್ಣನ್ ಹಾಡುತ್ತಾರೆ, ಪಿಟೀಲೂ ನುಡಿಸುತ್ತಾರೆ. ಪ್ರೊಗ್ರೆಸಿವ್ ರಾಕ್ ಅಂದರೆ ಮೂರು ನಿಮಿಷದಲ್ಲಿ ಮುಗಿಯುವ ಹಾಡಲ್ಲ. ನಿಧಾನವಾಗಿ ಬೆಳೆಯುತ್ತದೆ. ನಡುವೆ ಲಯ ಬದಲಾಗುತ್ತದೆ. ಎಲ್ಲೆಲ್ಲೋ ಸುತ್ತಿ ಮತ್ತೆ ಮೊದಲ ಸಾಲಿಗೆ ಬಂದು ಸೇರುತ್ತದೆ. ಕಛೇರಿ ಕೇಳಿ ಬೆಳೆದವರಿಗೆ ಇದೇನೂ ಹೊಸದಲ್ಲ, ಅಲ್ವಾ? ಹೊರದೇಶದ ಪ್ರೊಗ್ ಬ್ಯಾಂಡ್‌ಗಳು ಐದರ, ಏಳರ ಎಣಿಕೆಯಲ್ಲಿ ನುಡಿಸಿದರೆ ಅದನ್ನು ದೊಡ್ಡ ಸಾಹಸ ಅನ್ನುತ್ತಾರೆ. ನಮ್ಮಲ್ಲಿ ಐದರ ಖಂಡಚಾಪು, ಏಳರ ಮಿಶ್ರಚಾಪು ತಾಳಗಳನ್ನು ಮಕ್ಕಳೂ ಕೈಯಲ್ಲಿ ಹಾಕುತ್ತಾರೆ. 2002ರಲ್ಲಿ, ಇಂಗ್ಲೆಂಡಿನ ಹೆಸರಾಂತ ಪ್ರೊಗ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನಲ್ಲಿದ್ದ ರೋಜರ್ ವಾಟರ್ಸ್ ಅರಮನೆ ಮೈದಾನಕ್ಕೆ ಬಂದು ಹಾಡಿ ಹೋದರು. ಈ ಸಂಗೀತಕ್ಕೆ ಈ ಊರಲ್ಲಿ ಕಿವಿ ಇದೆ.

ಆವತ್ತು ಮುತ್ತುಸ್ವಾಮಿ ದೀಕ್ಷಿತರ ಕೃತಿ ‘ರಂಗಪುರ ವಿಹಾರ’ ತೆಗೆದುಕೊಂಡರು. ಬೃಂದಾವನ ಸಾರಂಗ ರಾಗ. ಮೊದಲು ದನಿ ಮಾತ್ರ, ಹಿಂದೆ ಕೀಬೋರ್ಡ್‌ನ ಒಂದು ಎಳೆ. ಮೈದಾನವೆಲ್ಲ ಗಪ್‌ಚುಪ್. ಆಮೇಲೆ ಬೇಸ್ ಬಂತು, ಗಿಟಾರ್ ಬಂತು, ಡ್ರಮ್ಸ್ ಒಮ್ಮೆಲೇ ಬಿತ್ತು. ಮೈ ಜುಮ್ಮೆಂದಿತು. ನನ್ನ ಪಕ್ಕದ ಕುರ್ಚಿಯಲ್ಲಿದ್ದ ವಯಸ್ಸಾದ ಅಮ್ಮ ತೊಡೆಯ ಮೇಲೆ ರೂಪಕ ತಾಳ ಹಾಕುತ್ತಿದ್ದರು. ಅವರ ಮೊಮ್ಮಗ ಕಪ್ಪು ಟೀ ಶರ್ಟ್ ಹಾಕಿಕೊಂಡು, ಎದ್ದು ನಿಂತು ತಲೆ ಕುಣಿಸುತ್ತಿದ್ದ. ಅವರ ಕೈ ತೊಡೆಗೆ ಬೀಳುವುದಕ್ಕೂ ಇವನ ತಲೆ ಕೆಳಗೆ ಬರುವುದಕ್ಕೂ ಒಂದು ಚೂರೂ ವ್ಯತ್ಯಾಸ ಇರಲಿಲ್ಲ. ಅಜ್ಜಿ, ಮೊಮ್ಮಗ ಇಬ್ಬರಿಗೂ ಒಂದೇ ಹಾಡು ಇಷ್ಟು ಹಿಡಿಸುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ಕೊನೆಯ ಹಾಡಲ್ಲಿ ಪಿಟೀಲು, ಗಿಟಾರ್ ನಡುವೆ ಸವಾಲ್ ಜವಾಬ್ ಆಗಷ್ಟೇ ಕಾವೇರುತ್ತಿತ್ತು. ವೇದಿಕೆ ಪಕ್ಕದಿಂದ ಯಾರೋ ಕೈಗಡಿಯಾರ ತೋರಿಸಿದರು. ಎರಡು ಸುತ್ತಿನಲ್ಲಿ ಮುಗಿಸಿಬಿಟ್ಟರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬೇರೆ ಹಾಡಾದರೆ ಒಂದು ಚರಣ ಬಿಟ್ಟರೂ ನಡೆಯುತ್ತದೆ. ಇಂಥ ಹಾಡಿನ ಜೀವ ಇರುವುದೇ ಕೊನೆಯ ಎರಡು ನಿಮಿಷದಲ್ಲಿ. ಹಿಂದಿನದೆಲ್ಲ ಅಲ್ಲಿಗೆ ಬರುವುದಕ್ಕಾಗಿಯೇ ಕಟ್ಟಿದ್ದು.

ಹೊರಗೆ ಬರುವಾಗ ಬಹಳ ಜನ ಪೊಲೀಸರನ್ನು ಬೈಯುತ್ತಿದ್ದರು. ನಾನು ಒಪ್ಪುವುದಿಲ್ಲ. ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬೇಡ ಅನ್ನುವುದು 2000ದಲ್ಲಿ ಬಂದ ನಿಯಮ. ಸುತ್ತ ಮನೆಗಳಿವೆ. ಮಲಗುವ ಮಕ್ಕಳಿದ್ದಾರೆ, ಕಾಯಿಲೆಯವರಿದ್ದಾರೆ. ನಿಯಮ ಸರಿಯಾಗಿಯೇ ಇದೆ. ಅದು ಇದೆ ಅಂತ ಗೊತ್ತಿದ್ದೂ ಎಂಟರ ನಂತರ ಶುರು ಮಾಡುತ್ತಾರಲ್ಲ, ತಪ್ಪು ಅಲ್ಲಿರುವುದು.

ಆ ಹೊತ್ತೆಲ್ಲ ಎಲ್ಲಿ ಹೋಯಿತು? ಗೇಟ್ ತೆಗೆದ ಮೇಲೂ ಸೌಂಡ್ ಚೆಕ್ ನಡೆದೇ ಇತ್ತು. ಪಿಟೀಲಿನ ಮೈಕ್ ಕೂಗುತ್ತಿತ್ತು. ಇಷ್ಟು ವಾದ್ಯ ಇರುವ ಬ್ಯಾಂಡ್‌ಗೆ ಇದು ಮಧ್ಯಾಹ್ನವೇ ಮುಗಿಯಬೇಕಾದ ಕೆಲಸ. ಆಮೇಲೆ ಪ್ರಾಯೋಜಕರ ಮಾತು, ವಿಡಿಯೊ, ಲಕ್ಕಿ ಡಿಪ್. ನಿರೂಪಕರು ಸುಮ್ನೆ ‘ಇನ್ನೂ ಜೋರಾಗಿ’ ಅಂತ ಕೂಗಿಸುತ್ತಲೇ ಇದ್ದರು. ಸ್ವಯಂಸೇವಕನನ್ನು ಕೇಳಿದರೆ, ‘ಜನ ಬರೋದೇ ಲೇಟು ಸಾರ್’ ಅಂದ. ತಡವಾಗಿ ಶುರುವಾಗುತ್ತದೆ ಅಂತ ಗೊತ್ತಿರುವುದರಿಂದಲೇ ಜನ ತಡವಾಗಿ ಬರುವುದು. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗೆ ಇದೇ ಊರಿನ ಜನ ಮುಂಚೆಯೇ ಹೋಗಿ ಜಾಗ ಹಿಡಿಯುತ್ತಾರೆ. ಯಾಕೆಂದರೆ ಅಲ್ಲಿ ಕಲಾವಿದರು ಹೊತ್ತಿಗೆ ಸರಿಯಾಗಿ ಕೂರುತ್ತಾರೆ ಅಂತ ನಂಬಿಕೆ ಇದೆ.

ಸಂಘಟಕರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಗೇಟ್ ತೆಗೆಯುವ ಹೊತ್ತು, ಬ್ಯಾಂಡ್ ಹಾಡಲು ಶುರು ಮಾಡುವ ಹೊತ್ತು, ಎರಡನ್ನೂ ಟಿಕೆಟ್ ಮೇಲೆ ಬೇರೆ ಬೇರೆ ಹಾಕಿ. ಪ್ರಾಯೋಜಕರ ಮಾತು ಜನ ಒಳಗೆ ಬರುತ್ತಿರುವಾಗಲೇ ಆಗಿಹೋಗಲಿ. ಪೊಲೀಸ್ ಅನುಮತಿ ಕೊಡುವವರೂ ಮುಗಿಸುವ ಹೊತ್ತಿನ ಜೊತೆಗೆ ಶುರು ಮಾಡುವ ಹೊತ್ತನ್ನೂ ಬರೆಸಿಕೊಳ್ಳಲಿ. ನಿಮ್ಮ ಪತ್ರಿಕೆಯಲ್ಲಿ ‘ನಗರದಲ್ಲಿ ಇಂದು’ ಹಾಕುವಾಗ ಬ್ಯಾಂಡ್ ಎಷ್ಟಕ್ಕೆ ವೇದಿಕೆ ಹತ್ತುತ್ತದೆ ಅಂತ ಸಂಘಟಕರನ್ನು ಕೇಳಿ ಅದನ್ನೇ ಅಚ್ಚು ಮಾಡಿದರೆ ನಮ್ಮಂಥವರಿಗೆ ತುಂಬಾ ಉಪಕಾರ.

ಒಬ್ಬ ಓದುಗ,
ವಿಜಯನಗರ, ಬೆಂಗಳೂರು